ಮೊದಲು ಡಿಶ್, ಕೊನೆಗೆ ಡಬ್ಬಿ: ಕಡಿಮೆ ಕರೆಂಟಿನ ಟಿವಿ ರೆಕಾರ್ಡಿಂಗ್ ಕಂಪ್ಯೂಟರಿಗೆ ಸಾಮಾನು ಆರಿಸುವ ಕ್ರಮ

"ಸರ, ಮಿನಿ ಪಿಸಿ ತಂದೀನ್ರಿ, ಕೋಡಿನೂ ಹಾಕೀನಿ. ಚಾನಲ್ ಮಾತ್ರ ಒಂದೂ ಬರವಲ್ದು."

ಈ ಮಾತು ಹುಬ್ಬಳ್ಳಿಯ ನವನಗರದಿಂದ ಬಂತು, ಗದಗ-ಬೆಟಗೇರಿಯಿಂದ ಬಂತು, ರಾಣೆಬೆನ್ನೂರಿನಿಂದ ಎರಡು ಸಲ ಬಂತು. ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿ ಬೇಕಾದಾಗ ನೋಡುವ ಸಣ್ಣ ಕಂಪ್ಯೂಟರ್ ಇವರಿಗೆಲ್ಲ ಬೇಕಿತ್ತು. ನಾನು ಡಬ್ಬಿ ಎನ್ನುವುದು ಅದನ್ನೇ, ಕೋಡಿ ಎಂದರೆ ಅದರಲ್ಲಿ ಚಿತ್ರ ತೋರಿಸುವ ಸಾಫ್ಟ್‌ವೇರ್. ಎಲ್ಲರೂ ಒಂದೇ ಕಡೆ ಎಡವಿದ್ದರು. ಕಣ್ಣಿಗೆ ಚೆಂದ ಕಂಡ ಡಬ್ಬಿ ಮೊದಲು ಬಂದಿತ್ತು, ಆಮೇಲೆ ಅದಕ್ಕೆ ಹೊಂದುವ ಟ್ಯೂನರ್ (ಡಿಶ್ ತಂತಿಯ ಸಿಗ್ನಲ್ ಹಿಡಿದು ಕಂಪ್ಯೂಟರಿಗೆ ಕೊಡುವ ಸಾಮಾನು) ಹುಡುಕಿದ್ದರು, ಕೊಟ್ಟಕೊನೆಗೆ ಮಾಳಿಗೆ ಹತ್ತಿ ಡಿಶ್ ಯಾವ ಕಡೆ ಮುಖ ಮಾಡಿದೆ ಎಂದು ನೋಡಿದ್ದರು. ಈ ಕ್ರಮ ಪೂರ್ತಿ ತಿರುಗಬೇಕು. ಯಾವ ಸಿಗ್ನಲ್ ಸಿಗುತ್ತದೆ ಎನ್ನುವುದು ಟ್ಯೂನರ್ ಯಾವುದೆಂದು ಹೇಳುತ್ತದೆ, ಟ್ಯೂನರ್ ಯಾವುದು ಎನ್ನುವುದು ಡಬ್ಬಿಯಲ್ಲಿ ಯಾವ ಕಿಂಡಿ ಇರಬೇಕೆಂದು ಹೇಳುತ್ತದೆ. ಡಬ್ಬಿಯ ಆಯ್ಕೆ ಬರುವುದು ಐದನೆಯ ಹಂತಕ್ಕೆ. ಅಲ್ಲಿಯವರೆಗೆ ಅಂಗಡಿ ಕಡೆ ಹೋಗಬೇಡಿ.

ಕೆಲಸ ಶುರುಮಾಡುವ ಮುಂಚೆ ಇಷ್ಟು ಕೈಯಲ್ಲಿರಲಿ: ಕಂಪಾಸ್ ಮತ್ತು ಇಳಿಜಾರಿನ ಕೋನ ತೋರಿಸುವ ಆ್ಯಪ್ ಇರುವ ಫೋನು, ಡಿಶ್ ನಟ್ಟಿಗೆ ಹೊಂದುವ ಪಾನಾ, ಒಂದು ಸ್ಯಾಟಲೈಟ್ ಫೈಂಡರ್ ಮೀಟರ್, ಅಕ್ಕಪಕ್ಕದವರಿಂದ ಎರಡು ದಿನಕ್ಕೆ ಕಡ ತಂದ ಫ್ರೀ ಡಿಶ್ ಸೆಟ್ ಟಾಪ್ ಬಾಕ್ಸ್, ಸಾಧ್ಯವಾದರೆ ಪ್ಲಗ್ಗಿಗೆ ಸಿಕ್ಕಿಸುವ ವ್ಯಾಟ್ ಮೀಟರ್.

## ಹಂತ 1: ಏನನ್ನು ರೆಕಾರ್ಡ್ ಮಾಡಲು ಸಾಧ್ಯ ಎಂದು ತಿಳಿಯಿರಿ

ಹತ್ತರಲ್ಲಿ ಏಳು ಜನರ ಯೋಜನೆ ಇಲ್ಲಿಗೇ ಬದಲಾಗುತ್ತದೆ.

ರೊಕ್ಕ ಕೊಟ್ಟು ಪಡೆಯುವ ಡಿಟಿಎಚ್ ಸೇವೆಗಳ ವಾಹಿನಿಗಳೆಲ್ಲ ಎನ್‌ಕ್ರಿಪ್ಟ್ ಆಗಿ ಬರುತ್ತವೆ. ಬೀಗ ತೆಗೆಯುವ ಕೀಲಿಕೈ ಆ ಕಂಪನಿಯ ಸೆಟ್ ಟಾಪ್ ಬಾಕ್ಸ್ ಒಳಗೇ ಇರುತ್ತದೆ. ಕಂಪ್ಯೂಟರಿನ ಟ್ಯೂನರ್ ಆ ಸಿಗ್ನಲ್ ಹಿಡಿದರೂ ತೆರೆಗೆ ಬರುವುದು ಕಪ್ಪು ಬಣ್ಣವೇ. ಕೇಬಲ್ಲಿನ ಕಥೆಯೂ ಬೇರೆಯಲ್ಲ. ಅನಲಾಗ್ ಕೇಬಲ್ ಇದ್ದ ಕಾಲದಲ್ಲಿ ಮನೆ ಮನೆಯಲ್ಲಿ ಓಡಿದ ಹಳೆಯ ಟಿವಿ ಟ್ಯೂನರ್ ಕಾರ್ಡುಗಳು ಈಗ ತೂಕಕ್ಕೆ ಮಾತ್ರ ಯೋಗ್ಯ. ಅಟ್ಟದ ಮೇಲಿನ ಡಬ್ಬದಲ್ಲಿ ಅಂಥದೊಂದು ಸಿಕ್ಕಿತೆಂದು ಖುಷಿಪಡಬೇಡಿ.

ಸೆಟ್ ಟಾಪ್ ಬಾಕ್ಸಿನ ಎಚ್‌ಡಿಎಂಐ ತಂತಿಯನ್ನು ಕ್ಯಾಪ್ಚರ್ ಕಾರ್ಡಿಗೆ ಕೊಟ್ಟರೆ ಆಗದೇ ಎಂದು ಕೇಳುತ್ತಾರೆ. ಆ ತಂತಿಯಲ್ಲಿ ಎಚ್‌ಡಿಸಿಪಿ ಎಂಬ ಇನ್ನೊಂದು ಬೀಗ ಇರುತ್ತದೆ. ಅದನ್ನು ಮುರಿಯುವ ಸಾಮಾನಿನ ಬಗ್ಗೆ ನಾನು ಬರೆಯುವುದಿಲ್ಲ.

ಉಳಿಯುವುದು ದೂರದರ್ಶನದ ಡಿಡಿ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲ. ಚಂದನ, ಡಿಡಿ ನ್ಯಾಷನಲ್, ಡಿಡಿ ಸ್ಪೋರ್ಟ್ಸ್, ಡಿಡಿ ಭಾರತಿ ಇಲ್ಲಿ ಸಿಗುತ್ತವೆ, ಜೊತೆಗೆ ಒಂದಿಷ್ಟು ಖಾಸಗಿ ವಾಹಿನಿಗಳೂ ಇವೆ. ಇದರಲ್ಲಿ ಬೀಗವಿಲ್ಲದೆ ಬರುವ ವಾಹಿನಿಗಳನ್ನು ಡಿವಿಬಿ-ಎಸ್2 ಎಂಬ ಉಪಗ್ರಹ ಟಿವಿ ಪದ್ಧತಿಯ ಯಾವ ಟ್ಯೂನರಾದರೂ ಹಿಡಿಯುತ್ತದೆ. ಧಾರವಾಡದಲ್ಲಿ ಈ ಡಬ್ಬಿ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಸಂಗೀತದ ಮಂದಿ. ಡಿಡಿ ಭಾರತಿಯಲ್ಲಿ ನಡುಮಧ್ಯಾಹ್ನ ಬರುವ ಗಾಯನವನ್ನು ರಾತ್ರಿ ಊಟವಾದ ಮೇಲೆ ಕೇಳಬೇಕು, ಅಷ್ಟೇ ಅವರ ಆಸೆ. ನಿಮಗೆ ಬೇಕಾದ ವಾಹಿನಿ ಫ್ರೀ ಡಿಶ್‌ನಲ್ಲಿ ಇಲ್ಲವಾದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು, ನಿಮ್ಮ ಡಿಟಿಎಚ್ ಕಂಪನಿಯದೇ ರೆಕಾರ್ಡಿಂಗ್ ಬಾಕ್ಸ್ ಕೇಳಿ. ನಿಮ್ಮ ರೊಕ್ಕ ಉಳಿಯುತ್ತದೆ.

## ಹಂತ 2: ಮಾಳಿಗೆ ಹತ್ತಿ, ಡಿಶ್ ನೋಡಿ

ಫ್ರೀ ಡಿಶ್ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಹುಬ್ಬಳ್ಳಿಯಲ್ಲಿ ನಿಂತು ನೋಡಿದರೆ ಅದು ಉತ್ತರದಿಂದ ಬಲಕ್ಕೆ ಸುಮಾರು 128 ಡಿಗ್ರಿ, ಅಂದರೆ ಆಗ್ನೇಯ ದಿಕ್ಕಿನಲ್ಲಿ, ನೆಲಮಟ್ಟದಿಂದ ಸುಮಾರು 62 ಡಿಗ್ರಿ ಎತ್ತರದಲ್ಲಿದೆ. ಗದಗದಲ್ಲಿ ದಿಕ್ಕು ಒಂದು ಡಿಗ್ರಿ ದಕ್ಷಿಣಕ್ಕೆ ಸರಿಯುತ್ತದೆ, ಅಷ್ಟೇ ವ್ಯತ್ಯಾಸ. ವಾಸ್ತು ಪ್ರಕಾರ ಅಡುಗೆಮನೆ ಕಟ್ಟಿಸುವ ಮೂಲೆ ಯಾವುದೋ ಅದೇ ಮೂಲೆ ಎಂದರೆ ಮನೆಯ ಹಿರಿಯರಿಗೂ ಕೂಡಲೇ ತಿಳಿಯುತ್ತದೆ. ಆ ಕಡೆ ತೆಂಗಿನ ಗಿಡ, ನೀರಿನ ಟಾಕಿ, ಪಕ್ಕದ ಮನೆಯ ಎರಡನೇ ಮಾಳಿಗೆ ಅಡ್ಡ ಇರಬಾರದು.

ಎಲ್ಲರೂ ಮೋಸಹೋಗುವ ಜಾಗ ಒಂದಿದೆ. 62 ಡಿಗ್ರಿ ಎಂದೊಡನೆ ತಟ್ಟೆಯ ಮುಖವನ್ನೇ ಅಷ್ಟು ಮೇಲಕ್ಕೆ ಎತ್ತುತ್ತಾರೆ. ನಮ್ಮಲ್ಲಿ ಸಿಗುವ ಸಣ್ಣ ತಟ್ಟೆಗಳು ಆಫ್‌ಸೆಟ್ ಮಾದರಿಯವು. ಅವುಗಳ ಮುಖ ನಿಜವಾದ ಕೋನಕ್ಕಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಕೆಳಗೆ ನೋಡುತ್ತಿರುತ್ತದೆ. ಹಿಂಬದಿಯ ಕ್ಲಾಂಪಿನ ಮೇಲೆ ಡಿಗ್ರಿ ಗುರುತು ಇದ್ದರೆ ಅದನ್ನು ನಂಬಿ, ಕಣ್ಣನ್ನು ನಂಬಬೇಡಿ.

ಹಳೆಯ ಡಿಟಿಎಚ್ ತಟ್ಟೆ ಮಾಳಿಗೆಯ ಮೇಲಿದ್ದರೆ ಹೊಸದು ಕೊಳ್ಳಬೇಕಿಲ್ಲ, ತಿರುಗಿಸಿದರೆ ಸಾಕು. ಟಾಟಾ ಪ್ಲೇ ತಟ್ಟೆ 83 ಡಿಗ್ರಿ ಉಪಗ್ರಹದ ಕಡೆ ಇರುತ್ತದೆ. ಅದನ್ನು ಪೂರ್ವದ ಕಡೆಗೆ ಸುಮಾರು 24 ಡಿಗ್ರಿ ತಿರುಗಿಸಬೇಕಾಗುತ್ತದೆ. ಏರ್‌ಟೆಲ್ ತಟ್ಟೆ 108.2ರ ಕಡೆ ಇರುವುದರಿಂದ ದಕ್ಷಿಣದ ಕಡೆಗೆ 16 ಡಿಗ್ರಿಯಷ್ಟು ತರಬೇಕು. ಡಿಶ್ ಟಿವಿ 95ರಲ್ಲಿದೆ, ಒಂದು ಬೆರಳಿನಷ್ಟು ಸರಿಸಿದರೆ ಮುಗಿಯಿತು. ಎಲ್‌ಎನ್‌ಬಿ (ತಟ್ಟೆಯ ಮುಂದಿನ ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಸಾಮಾನು) ಮೇಲಿನ ಚೀಟಿಯಲ್ಲಿ 9750/10600 ಎಂದು ಇದೆಯೇ ನೋಡಿಕೊಳ್ಳಿ. ಟ್ಯೂನರ್ ಸಾಫ್ಟ್‌ವೇರಿನಲ್ಲಿ 'ಯೂನಿವರ್ಸಲ್' ಎಂದು ಆರಿಸುವುದು ಇದನ್ನೇ.

ಕಡ ತಂದ ಸೆಟ್ ಟಾಪ್ ಬಾಕ್ಸ್ ಈಗ ಕೆಲಸಕ್ಕೆ ಬರುತ್ತದೆ. ಅದನ್ನು ಹಾಕಿ, ಸಿಗ್ನಲ್ ಗುಣಮಟ್ಟ ಆದಷ್ಟು ಮೇಲೇರುವವರೆಗೆ ತಟ್ಟೆ ಹೊಂದಿಸಿ. 'ಸ್ಟ್ರೆಂತ್' ಎಷ್ಟಿದೆ ಎಂದು ನೋಡುತ್ತ ಕೂರಬೇಡಿ, ತಂತಿ ಜೋಡಿಸಿದರೆ ಸಾಕು ಅದು ಏರುತ್ತದೆ. ನೋಡಬೇಕಾದ್ದು 'ಕ್ವಾಲಿಟಿ'. ಆಮೇಲೆ ನಿಮಗೆ ಬೇಕಾದ ಪ್ರತಿ ವಾಹಿನಿಯ ಫ್ರೀಕ್ವೆನ್ಸಿ, ವಿ ಅಥವಾ ಎಚ್ ಎಂಬ ಅಕ್ಷರ, ಸಿಂಬಲ್ ರೇಟ್, ಈ ಮೂರನ್ನೂ ಒಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮುಂದಿನ ಹಂತದ ತೀರ್ಮಾನವೆಲ್ಲ ಈ ಕಾಗದದ ಮೇಲೆ ನಿಂತಿದೆ.

## ಹಂತ 3: ಟ್ಯೂನರ್ ಎಷ್ಟು, ಯಾವುದು

ಒಂದು ಟ್ಯೂನರ್ ಒಂದು ಹೊತ್ತಿಗೆ ಒಂದೇ ಫ್ರೀಕ್ವೆನ್ಸಿ ಹಿಡಿಯುತ್ತದೆ. ಆದರೆ ಒಂದು ಫ್ರೀಕ್ವೆನ್ಸಿಯಲ್ಲಿ, ಅಂದರೆ ಒಂದು ಟ್ರಾನ್ಸ್‌ಪಾಂಡರಿನಲ್ಲಿ, ಹಲವು ವಾಹಿನಿಗಳು ಒಟ್ಟಿಗೆ ಬರುತ್ತವೆ. ಟಿವಿಹೆಡೆಂಡ್‌ನಂಥ ಸಾಫ್ಟ್‌ವೇರ್ ಒಂದೇ ಟ್ಯೂನರಿನಿಂದ ಆ ಟ್ರಾನ್ಸ್‌ಪಾಂಡರಿನ ನಾಲ್ಕು ವಾಹಿನಿಗಳನ್ನು ಬೇಕಾದರೂ ಏಕಕಾಲಕ್ಕೆ ಬರೆದುಕೊಳ್ಳುತ್ತದೆ. ಆದ್ದರಿಂದ ಲೆಕ್ಕ ಹಾಕಬೇಕಾದ್ದು ವಾಹಿನಿಗಳನ್ನಲ್ಲ, ಕಾಗದದ ಮೇಲಿನ ಫ್ರೀಕ್ವೆನ್ಸಿಗಳನ್ನು. ನಿಮ್ಮ ಮನೆಯಲ್ಲಿ ಒಂದೇ ಹೊತ್ತಿಗೆ ಬೇಕಾಗುವ ವಾಹಿನಿಗಳು ಎರಡು ಫ್ರೀಕ್ವೆನ್ಸಿಗಳಲ್ಲಿದ್ದರೆ ಎರಡು ಟ್ಯೂನರ್. ಮೂರು ಬೇಕಾದ ಮನೆಯನ್ನು ನಾನು ಇನ್ನೂ ನೋಡಿಲ್ಲ.

ಟ್ಯೂನರ್ ಡಿವಿಬಿ-ಎಸ್2 ಆಗಿರಲಿ. ಫ್ರೀ ಡಿಶ್‌ನ ಎಂಪೆಗ್-2 ವಾಹಿನಿಗಳು ಹಳೆಯ ಡಿವಿಬಿ-ಎಸ್ ಪದ್ಧತಿಯಲ್ಲಿ ಬರುತ್ತವೆ, ಎಂಪೆಗ್-4 ವಾಹಿನಿಗಳು ಡಿವಿಬಿ-ಎಸ್2ನಲ್ಲಿ. ಎಸ್2 ಟ್ಯೂನರ್ ಎರಡನ್ನೂ ಹಿಡಿಯುತ್ತದೆ, ಎಸ್ ಮಾತ್ರ ಇರುವುದು ಒಂದನ್ನೇ ಹಿಡಿಯುತ್ತದೆ. ಆನ್‌ಲೈನ್‌ನಲ್ಲಿ 'ಟಿವಿ ಟ್ಯೂನರ್' ಎಂದು ಹುಡುಕಿದರೆ ಮೊದಲು ಕಾಣುವ, ಹೆಬ್ಬೆಟ್ಟಿನ ಗಾತ್ರದ ಅಗ್ಗದ ಯುಎಸ್‌ಬಿ ಕಡ್ಡಿಗಳು ಡಿವಿಬಿ-ಟಿ, ಅಂದರೆ ನೆಲದ ಮೇಲಿನ ಟವರಿನಿಂದ ಬರುವ ಸಿಗ್ನಲ್ಲಿಗೆ. ಡಿಶ್ ತಂತಿಗೂ ಅದಕ್ಕೂ ಸಂಬಂಧವಿಲ್ಲ. ನಾನೂ ಒಂದು ಕೊಂಡಿದ್ದೆ. ಈಗ ಅದು ಮಗನ ರೇಡಿಯೊ ಪ್ರಯೋಗಕ್ಕೆ ಒದಗಿದೆ, ಅಷ್ಟೇ ಸಮಾಧಾನ.

ಇನ್ನು ಹೊರಗಿನಿಂದ ಚುಚ್ಚುವ ಯುಎಸ್‌ಬಿಯೋ, ಡಬ್ಬಿಯೊಳಗಿನ ಕಿಂಡಿಗೆ ಕೂರಿಸುವ ಪಿಸಿಐಇ ಕಾರ್ಡೋ? ಇದೇ ಡಬ್ಬಿಯನ್ನು ತೀರ್ಮಾನಿಸುವ ಪ್ರಶ್ನೆ.

ಒಂದೇ ಟ್ಯೂನರ್ ಸಾಕು ಎನ್ನುವವರಿಗೆ ಯುಎಸ್‌ಬಿ ಸರಿ. ಡಿವಿಬಿಸ್ಕೈ ಎಸ್960 ಇಂಥದೊಂದು. ಇದರ ಡ್ರೈವರ್, ನಾವು ಡಬ್ಬಿಗೆ ಹಾಕುವ ಲಿನಕ್ಸ್‌ನ ಕರ್ನಲ್ಲಿನ (ಅದರ ತಿರುಳಿನ) ಒಳಗೇ ಇದೆ. ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ಕಳಿಸಬೇಕಾದ್ದರಿಂದ ಇಂಥ ಟ್ಯೂನರಿಗೆ ಬೇರೆ ಅಡಾಪ್ಟರ್ ಇರುತ್ತದೆ. ಅಡಾಪ್ಟರ್ ಇಲ್ಲದೆ ಬರೀ ಯುಎಸ್‌ಬಿ ಕರೆಂಟಿನಿಂದ ಓಡುತ್ತದೆ ಎನ್ನುವ ಉಪಗ್ರಹ ಟ್ಯೂನರನ್ನು ಸಂಶಯದಿಂದ ನೋಡಿ.

ಎರಡು ಟ್ಯೂನರ್ ಬೇಕಾದವರು ಎರಡು ಯುಎಸ್‌ಬಿ ಡಬ್ಬಿ, ಎರಡು ಅಡಾಪ್ಟರ್ ಎಂದು ಟಿವಿ ಹಿಂದೆ ಹಾವಿನ ಗೂಡು ಕಟ್ಟುವ ಬದಲು ಪಿಸಿಐಇ ಕಾರ್ಡ್ ಹಾಕಲಿ. ಡಿವಿಬಿಸ್ಕೈ ಎಸ್952, ಟಿಬಿಎಸ್ 6902 ಎರಡೂ ಜೋಡಿ ಟ್ಯೂನರಿನ ಕಾರ್ಡುಗಳು. ಟಿಬಿಎಸ್ ಕಾರ್ಡಿನ ಡ್ರೈವರನ್ನು ಸಾಮಾನ್ಯವಾಗಿ ಬೇರೆಯಾಗಿ ಕೂಡಿಸಬೇಕು, ಕರ್ನಲ್ ಅಪ್‌ಡೇಟ್ ಆದಾಗ ಮತ್ತೆ ಕೂಡಿಸಬೇಕು. ಟರ್ಮಿನಲ್ ಕಂಡರೆ ಕೈ ನಡುಗುವವರು ಕರ್ನಲ್ಲಿನಲ್ಲೇ ಡ್ರೈವರ್ ಇರುವುದನ್ನು ಆರಿಸಿ. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಚಿಂತೆಯಿಲ್ಲ, ಆದರೆ ಕಾರ್ಡಿನ ಜೊತೆ ಗಿಡ್ಡ ಬ್ರಾಕೆಟ್ ಇದೆಯೇ ಕೇಳಿ. ಸಣ್ಣ ಕ್ಯಾಬಿನೆಟ್ಟಿಗೆ ಉದ್ದ ಬ್ರಾಕೆಟ್ ಹೊಂದುವುದಿಲ್ಲ.

ಎರಡು ಟ್ಯೂನರ್ ಎಂದರೆ ಎಲ್‌ಎನ್‌ಬಿಯಿಂದ ಎರಡು ತಂತಿ ಎನ್ನುವುದು ನಿಯಮ. ಎಲ್‌ಎನ್‌ಬಿಯ ಒಂದು ಬಾಯಿ ಒಂದು ಹೊತ್ತಿಗೆ ಒಂದೇ ಆಜ್ಞೆ ಕೇಳುತ್ತದೆ: 13 ವೋಲ್ಟ್ ಬಂದರೆ ವಿ, 18 ಬಂದರೆ ಎಚ್, ಅದರ ಮೇಲೆ 22 ಕಿಲೊಹರ್ಟ್ಸ್ ಸ್ವರ ಬಂದರೆ 11700ಕ್ಕಿಂತ ಮೇಲಿನ ಫ್ರೀಕ್ವೆನ್ಸಿ. ಎರಡು ಟ್ಯೂನರುಗಳು ಒಂದೇ ತಂತಿಯಲ್ಲಿ ಬೇರೆ ಬೇರೆ ಆಜ್ಞೆ ಕೊಟ್ಟರೆ ಒಂದರ ಚಿತ್ರ ಹೋಗುತ್ತದೆ. ಅದಕ್ಕೇ ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಬೇಕು. ಇದಕ್ಕೊಂದು ಸಂದಿ ಇದೆ. ನಿಮ್ಮ ಕಾಗದದ ಮೇಲಿನ ಎಲ್ಲ ವಾಹಿನಿಗಳೂ 'ವಿ' ಆಗಿದ್ದು, ಎಲ್ಲ ಫ್ರೀಕ್ವೆನ್ಸಿಗಳೂ 11700ಕ್ಕಿಂತ ಕೆಳಗಿದ್ದರೆ ಆಜ್ಞೆ ಯಾವಾಗಲೂ ಒಂದೇ. ಆಗ ಸಾದಾ ಎಲ್‌ಎನ್‌ಬಿಯ ಒಂದೇ ತಂತಿಯನ್ನು ಸ್ಯಾಟಲೈಟ್ ಸ್ಪ್ಲಿಟರಿನಿಂದ ಎರಡು ಮಾಡಬಹುದು. ಸ್ಪ್ಲಿಟರ್ ಮೇಲೆ 950ರಿಂದ 2150 ಮೆಗಾಹರ್ಟ್ಸ್ ಎಂದು ಬರೆದಿರಬೇಕು, ಒಂದು ಬಾಯಿಗೆ ಮಾತ್ರ ಪವರ್ ಪಾಸ್ ಇರಬೇಕು. ಕೇಬಲ್ ಟಿವಿಯವರು ಬಳಸುವ ಸ್ಪ್ಲಿಟರ್ ಇಲ್ಲಿ ನಡೆಯುವುದಿಲ್ಲ.

ಟ್ಯೂನರ್ ಕೈಗೆ ಬಂದೊಡನೆ ಮನೆಯಲ್ಲಿರುವ ಯಾವುದಾದರೂ ಕಂಪ್ಯೂಟರಿಗೆ ಹಾಕಿ ಪರೀಕ್ಷಿಸಿ. ಟಿವಿಹೆಡೆಂಡ್‌ನ ಅಡಾಪ್ಟರ್ ಪಟ್ಟಿಯಲ್ಲಿ ಅದರ ಹೆಸರು ಕಾಣಬೇಕು, ಚಂದನ ಬರಬೇಕು. ಚಂದನ ಬರುವವರೆಗೆ ನಾಲ್ಕನೇ ಹಂತಕ್ಕೆ ಹೋಗಬೇಡಿ.

## ಹಂತ 4: ಕರೆಂಟಿನ ಲೆಕ್ಕ

"ಹಳೇ ಪಿಸಿ ಐತಲ್ರಿ, ಅದಕ್ಕ ಒಂದು ಕಾರ್ಡ್ ಹಾಕಿದ್ರ ಆತಿಲ್ಲೋ?" ಆಗುತ್ತದೆ. ಆದರೆ ರೆಕಾರ್ಡಿಂಗ್ ಡಬ್ಬಿ ಫ್ರಿಜ್ ಇದ್ದಂತೆ, ದಿನದ 24 ಗಂಟೆಯೂ ಓಡುತ್ತದೆ.

ಲೆಕ್ಕ ಸರಳ. ವ್ಯಾಟ್‌ಗಳನ್ನು 0.72ರಿಂದ ಗುಣಿಸಿದರೆ 30 ದಿನದ ಯೂನಿಟ್. ಹತ್ತು ಹದಿನೈದು ವರ್ಷ ಹಳೆಯ ಡೆಸ್ಕ್‌ಟಾಪ್ ಸುಮ್ಮನೆ ಕೂತಾಗಲೇ 60-70 ವ್ಯಾಟ್ ಎಳೆಯುವುದು ಸಾಮಾನ್ಯ. 70 ವ್ಯಾಟ್ ಎಂದರೆ ತಿಂಗಳಿಗೆ 50 ಯೂನಿಟ್. ಹೊಸ ಕಾಲದ ಸಣ್ಣ ಡಬ್ಬಿ 8 ವ್ಯಾಟ್, ಟ್ಯೂನರ್ ಮತ್ತು ಎಲ್‌ಎನ್‌ಬಿ ಸೇರಿ 6, ಸಣ್ಣ ಹಾರ್ಡ್‌ಡಿಸ್ಕ್ 2 ಎಂದು ಹಿಡಿದರೆ 16 ವ್ಯಾಟ್. ತಿಂಗಳಿಗೆ ಹನ್ನೊಂದೂವರೆ ಯೂನಿಟ್.

ಗೃಹಜ್ಯೋತಿ ಇರುವ ಮನೆಗಳಲ್ಲಿ ಈ ವ್ಯತ್ಯಾಸ ಯೂನಿಟ್ಟಿನ ದರಕ್ಕಿಂತ ದೊಡ್ಡದು. 2023ರಲ್ಲಿ ಯೋಜನೆ ಬಂದಾಗ ಹಿಂದಿನ ಆರ್ಥಿಕ ವರ್ಷದ ಸರಾಸರಿಗೆ ಶೇ 10 ಸೇರಿಸಿ ಪ್ರತಿ ಮನೆಗೂ ಒಂದು ಉಚಿತ ಮಿತಿ ಗೊತ್ತುಮಾಡಿದರು. ಮಿತಿ ದಾಟಿದರೆ ದಾಟಿದಷ್ಟಕ್ಕೆ ರೊಕ್ಕ, 200 ದಾಟಿದರೆ ಪೂರ್ತಿ ಬಿಲ್. ಸರಾಸರಿ 160 ಯೂನಿಟ್ಟಿನ ಮನೆ ಎಂದುಕೊಳ್ಳಿ. ಹಳೆಯ ಪಿಸಿ ಹೊತ್ತರೆ 210, ಹೆಸ್ಕಾಂ ಬಿಲ್ ಪೂರ್ತಿ ಕೈಗೆ ಬರುತ್ತದೆ. ಸಣ್ಣ ಡಬ್ಬಿಯಾದರೆ 172ರ ಆಸುಪಾಸು, ಮಿತಿಯಾದ 176ರ ಒಳಗೇ. ಪುಕ್ಕಟೆ ಪಿಸಿ ಎಷ್ಟು ತುಟ್ಟಿ ಎಂದು ಮನೆಯಲ್ಲಿ ಹೇಳಲು ಈ ಒಂದು ಲೆಕ್ಕ ಸಾಕು. ನಿಮ್ಮ ಮಿತಿ ಎಷ್ಟೆಂದು ಬಿಲ್ಲಿನಲ್ಲೇ ನೋಡಿ.

ವ್ಯಾಟ್ ಮೀಟರ್ ಇಲ್ಲದವರಿಗೆ ಒಂದು ಉಪಾಯ. ಮನೆಯ ಡಿಜಿಟಲ್ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಅಚ್ಚಾಗಿರುತ್ತದೆ, ಉದಾಹರಣೆಗೆ 3200. ಮನೆಯ ಉಳಿದ ಎಲ್ಲವನ್ನೂ ಬಂದ್ ಮಾಡಿ, ಡಬ್ಬಿಯನ್ನಷ್ಟೇ ಇಟ್ಟು, ಕೆಂಪು ದೀಪದ ಎರಡು ಮಿಣುಕುಗಳ ನಡುವಿನ ಸೆಕೆಂಡ್ ಎಣಿಸಿ. 3200ರ ಮೀಟರಿನಲ್ಲಿ 70 ವ್ಯಾಟಿನ ಪಿಸಿ 16 ಸೆಕೆಂಡಿಗೊಮ್ಮೆ ಮಿಣುಕಿಸುತ್ತದೆ. 16 ವ್ಯಾಟಿನದು 70 ಸೆಕೆಂಡಿಗೊಮ್ಮೆ.

## ಹಂತ 5: ಈಗ ಡಬ್ಬಿ

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆಯಬೇಕು. ಡಿಜಿಟಲ್ ವಾಹಿನಿ ರೆಕಾರ್ಡ್ ಮಾಡುವುದೆಂದರೆ ಆಕಾಶದಿಂದ ಬಂದ ಡೇಟಾವನ್ನು ಇದ್ದಂತೆಯೇ ಡಿಸ್ಕಿಗೆ ಸುರಿಯುವುದು. ಎನ್‌ಕೋಡಿಂಗ್ ಇಲ್ಲ. ಪ್ರೊಸೆಸರಿಗೆ ಇದು ಕೆಲಸವೇ ಅಲ್ಲ. 'ರೆಕಾರ್ಡಿಂಗ್‌ಗೆ ಐ7 ಬೇಕ್ರಿ' ಎನ್ನುವ ಅಂಗಡಿಯವನಿಗೆ ನಮಸ್ಕಾರ ಹೇಳಿ ಹೊರಡಿ. ಪ್ರೊಸೆಸರಿಗೆ ಬೆವರು ಬರುವುದು ನೋಡುವಾಗ, ಅದೂ ಚಿತ್ರದ ಗೆರೆಗಳನ್ನು ಬೆಸೆಯುವಾಗ ಮಾತ್ರ.

ಎಸ್‌ಡಿ ವಾಹಿನಿಗಳು 576ಐ ಎಂಬ ಇಂಟರ್‌ಲೇಸ್ಡ್ ಚಿತ್ರ ಕಳಿಸುತ್ತವೆ: ಸೆಕೆಂಡಿಗೆ 50 ಅರ್ಧಚಿತ್ರಗಳು. ಅವನ್ನು ಸರಿಯಾಗಿ ಕೂಡಿಸದಿದ್ದರೆ ಓಡುವ ಆಟಗಾರನ ಕಾಲಿನ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ಈ ಕೆಲಸವನ್ನು ಪ್ರೊಸೆಸರಿಗೆ ತೊಂದರೆ ಕೊಡದೆ ಮಾಡುತ್ತದೆ. ನಾನು ಇಂಟೆಲ್ ಎನ್ನುವುದಕ್ಕೆ ಇದೇ ಕಾರಣ.

ಯುಎಸ್‌ಬಿ ಟ್ಯೂನರ್ ಆರಿಸಿದವರಿಗೆ ಇಂಟೆಲ್ ಎನ್100 ಪ್ರೊಸೆಸರಿನ ಮಿನಿ ಪಿಸಿ. 2023ರಲ್ಲಿ ಬಂದ ಈ ಪ್ರೊಸೆಸರಿಗೆ ನಾಲ್ಕು ಕೋರ್, 6 ವ್ಯಾಟ್ ಟಿಡಿಪಿ. ಎಂಪೆಗ್-2ರಿಂದ ಎಚ್‌ಇವಿಸಿ, ಎವಿ1 ತನಕ, ಚಿತ್ರವನ್ನು ಒತ್ತಿ ಚಿಕ್ಕದು ಮಾಡುವ ಪದ್ಧತಿಗಳನ್ನೆಲ್ಲ ಬಿಚ್ಚುತ್ತದೆ. 8 ಜಿಬಿ ರ‍್ಯಾಮ್ ಧಾರಾಳ.

ಪಿಸಿಐಇ ಕಾರ್ಡ್ ಆರಿಸಿದವರು ಇಲ್ಲಿ ಎಚ್ಚರ. ಅಂಗೈಯಗಲದ ಮಿನಿ ಪಿಸಿಗಳಲ್ಲಿ ಪಿಸಿಐಇ ಕಿಂಡಿ ಇರುವುದಿಲ್ಲ. ಅದೇ ಎನ್100 ಪ್ರೊಸೆಸರ್ ಕೂರಿಸಿದ ಮಿನಿ ಐಟಿಎಕ್ಸ್ ಬೋರ್ಡ್ ಬೇಕು. ಆಸ್‌ರಾಕ್ ಎನ್100ಡಿಸಿ-ಐಟಿಎಕ್ಸ್ ಬೋರ್ಡಿಗೆ ಲ್ಯಾಪ್‌ಟಾಪಿನಂತೆ 19 ವೋಲ್ಟ್ ಅಡಾಪ್ಟರ್ ನೇರ ಚುಚ್ಚಬಹುದು, ಬೇರೆ ಪವರ್ ಸಪ್ಲೈ ಬೇಡ. ಏಸಸ್ ಪ್ರೈಮ್ ಎನ್100ಐ-ಡಿ ಡಿ4 ಬೋರ್ಡಿಗೆ ಮಾಮೂಲಿ ಎಟಿಎಕ್ಸ್ ಸಪ್ಲೈ ಬೇಕು. 450 ವ್ಯಾಟಿನ ಅಗ್ಗದ ಸಪ್ಲೈ ಹಾಕಿ 10 ವ್ಯಾಟಿನ ಬೋರ್ಡ್ ಓಡಿಸಿದರೆ ಉಳಿಸಿದ ಕರೆಂಟಿನ ಒಂದು ಪಾಲು ಸಪ್ಲೈಯಲ್ಲೇ ಬಿಸಿಯಾಗಿ ಹೋಗುತ್ತದೆ.

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಕಡೆ ವಿಚಾರಿಸುವವರು ಕಚೇರಿಗಳಿಂದ ಹೊರಬಿದ್ದ ಸಣ್ಣ ಡೆಸ್ಕ್‌ಟಾಪುಗಳನ್ನೂ ಕೇಳಿ ನೋಡಿ. ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್, ಎಚ್‌ಪಿ ಎಲೈಟ್‌ಡೆಸ್ಕ್‌ಗಳ 'ಸ್ಮಾಲ್ ಫಾರ್ಮ್ ಫ್ಯಾಕ್ಟರ್' ಮಾದರಿಗಳಲ್ಲಿ ಗಿಡ್ಡ ಪಿಸಿಐಇ ಕಿಂಡಿ ಇರುತ್ತದೆ. 'ಮೈಕ್ರೊ', 'ಟೈನಿ' ಎಂದಿದ್ದರೆ ಕಿಂಡಿ ಇಲ್ಲವೆಂದೇ ಹಿಡಿದು, ಇದೆ ಎಂದರೆ ಮುಚ್ಚಳ ತೆಗೆಸಿ ನೋಡಿ. ಪ್ರೊಸೆಸರ್ 7ನೇ ತಲೆಮಾರು ಅಥವಾ ಮೇಲಿನದಿರಲಿ. 10-ಬಿಟ್ ಎಚ್‌ಇವಿಸಿ ಬಿಚ್ಚುವ ಶಕ್ತಿ ಅಲ್ಲಿಂದ ಶುರು. ಟಿಡಿಪಿ 65 ಎಂದು ಹೆದರಬೇಡಿ, ಅದು ಪೂರ್ತಿ ದುಡಿಯುವಾಗಿನ ಅಂಕಿ. ಸುಮ್ಮನೆ ಕೂತಾಗ ಎಷ್ಟು ಎಳೆಯುತ್ತದೆ ಎಂದು ಅಂಗಡಿಯಲ್ಲೇ ವ್ಯಾಟ್ ಮೀಟರ್ ಹಾಕಿ ನೋಡಿ, 20ರ ಒಳಗಿದ್ದರೆ ತನ್ನಿ.

ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಒಂಟಿ ಬೋರ್ಡಿನ ಕಂಪ್ಯೂಟರ್? ಪೈ 4 ಓಡುತ್ತದೆ, ಸಣ್ಣ ಮನೆಗೆ ಸಾಲುತ್ತದೆ. ಪೈ 5ರಲ್ಲಿ ಎಚ್.264 ಬಿಚ್ಚುವ ಯಂತ್ರಾಂಗವೇ ಇಲ್ಲ, ಎಲ್ಲ ಪ್ರೊಸೆಸರಿನ ಹೆಗಲಿಗೆ. ಪೆಟ್ಟಿಗೆ, ಅಡಾಪ್ಟರ್, ಎಸ್‌ಎಸ್‌ಡಿ ಕೂರಿಸುವ ಬೋರ್ಡ್ ಎಂದು ಕೂಡಿಸುತ್ತ ಹೋದರೆ ಎನ್100 ಬೆಲೆಯ ಹತ್ತಿರ ಬಂದು ನಿಲ್ಲುತ್ತೀರಿ. ಹಳೆಯ ಲ್ಯಾಪ್‌ಟಾಪ್ ಬೇಡವೇ ಬೇಡ, ಕಾರಣ ಎಂಟನೇ ಹಂತದಲ್ಲಿದೆ.

ಈ ಡಬ್ಬಿಯಲ್ಲಿ ಒಟಿಟಿ 4ಕೆ ನೋಡುವ ಆಸೆ ಇಟ್ಟುಕೊಳ್ಳಬೇಡಿ. ಲಿನಕ್ಸ್ ಬ್ರೌಸರಿಗೆ ಆ ಸೇವೆಗಳು ಕಡಿಮೆ ಗುಣಮಟ್ಟದ ಚಿತ್ರವನ್ನೇ ಕೊಡುತ್ತವೆ. ಅದಕ್ಕೆ ಟಿವಿಯದೇ ಆ್ಯಪ್ ಅಥವಾ ಒಂದು ಸ್ಟಿಕ್ ಇರಲಿ.

## ಹಂತ 6: ಡಿಸ್ಕ್

ಎರಡು ಬೇಕು. ಸಿಸ್ಟಮ್ಮಿಗೆ 128 ಅಥವಾ 256 ಜಿಬಿ ಎಸ್‌ಎಸ್‌ಡಿ, ರೆಕಾರ್ಡಿಂಗ್‌ಗೆ ಬೇರೆ ಹಾರ್ಡ್‌ಡಿಸ್ಕ್. ಒಂದೇ ಡಿಸ್ಕಿಗೆ ಎರಡನ್ನೂ ತುರುಕಿದರೆ ರೆಕಾರ್ಡಿಂಗ್ ತುಂಬಿದ ದಿನ ಸಿಸ್ಟಮ್ಮೇ ಏಳುವುದಿಲ್ಲ.

ಎಷ್ಟು ದೊಡ್ಡದು? 3 ಎಂಬಿಪಿಎಸ್‌ನ ಎಸ್‌ಡಿ ವಾಹಿನಿ ಗಂಟೆಗೆ 1.35 ಜಿಬಿ ತಿನ್ನುತ್ತದೆ. 1 ಟಿಬಿಯಲ್ಲಿ 700 ಗಂಟೆಗೂ ಹೆಚ್ಚು. 8 ಎಂಬಿಪಿಎಸ್‌ನ ಎಚ್‌ಡಿ ಆದರೆ ಗಂಟೆಗೆ 3.6 ಜಿಬಿ. ಧಾರಾವಾಹಿ ನೋಡಿ ಅಳಿಸುವ ಮನೆಗೆ 1 ಟಿಬಿ ಸಾಕು, ಸಂಗೀತ ಕೂಡಿಡುವವರಿಗೆ 4 ಟಿಬಿ.

2.5 ಇಂಚಿನ ಡಿಸ್ಕ್ 2 ವ್ಯಾಟ್ ಎಳೆಯುತ್ತದೆ, 3.5 ಇಂಚಿನದು ತಿರುಗುವಾಗ 4ರಿಂದ 6. ದೊಡ್ಡದು ಬೇಕಾದವರು ಸಿಸಿಟಿವಿ ಅಂಗಡಿಗೆ ಹೋಗಿ. ಅಲ್ಲಿ ಸಿಗುವ ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಡಿಸ್ಕುಗಳನ್ನು ಹಗಲೂ ರಾತ್ರಿ ಬರೆಯುವುದಕ್ಕೆಂದೇ ಮಾಡಿರುತ್ತಾರೆ. ನಮ್ಮ ಕೆಲಸವೂ ಅದೇ. ಪೆನ್‌ಡ್ರೈವಿಗೆ, ಮೆಮೊರಿ ಕಾರ್ಡಿಗೆ ರೆಕಾರ್ಡ್ ಮಾಡಬೇಡಿ. ಡಿಸ್ಕನ್ನು ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ. ಫ್ಯಾಟ್32ನಲ್ಲೇ ಬಿಟ್ಟರೆ 4 ಜಿಬಿ ಆದೊಡನೆ ಕಡತ ನಿಲ್ಲುತ್ತದೆ, ಮೂರೂವರೆ ಗಂಟೆಯ ಕಛೇರಿಯ ಕೊನೆಯ ಭೈರವಿ ಸಿಗುವುದಿಲ್ಲ.

## ಹಂತ 7: ಗಾಳಿ, ಧೂಳು, ರಿಮೋಟ್

ಏಪ್ರಿಲ್‌ನಲ್ಲಿ ಟಿವಿ ಹಿಂದಿನ ಮುಚ್ಚಿದ ಕಪಾಟು ಎಷ್ಟು ಕಾಯುತ್ತದೆ ಎಂದು ಕೈಯಿಟ್ಟು ನೋಡಿ. ಫ್ಯಾನ್ ಇಲ್ಲದ ಡಬ್ಬಿ ಸದ್ದು ಮಾಡುವುದಿಲ್ಲ, ಆದರೆ ಅದಕ್ಕೆ ಸುತ್ತ ನಾಲ್ಕು ಬೆರಳು ಜಾಗ ಬೇಕು. ಗದಗ, ನವಲಗುಂದ ಕಡೆಯ ಎರೆಮಣ್ಣಿನ ಧೂಳು ಸಣ್ಣ ಫ್ಯಾನುಗಳನ್ನು ವರ್ಷದೊಳಗೆ ಕೂಗುವಂತೆ ಮಾಡುತ್ತದೆ. ಆ ಊರುಗಳವರಿಗೆ ನನ್ನ ಓಟು ಫ್ಯಾನ್ ಇಲ್ಲದ ಡಬ್ಬಿಗೆ.

ಮನೆಯ ಹಿರಿಯರು ಮೌಸ್ ಹಿಡಿಯುವುದಿಲ್ಲ. ಟಿವಿ ರಿಮೋಟಿನಿಂದಲೇ ಎಲ್ಲ ನಡೆಯಲು ಎಚ್‌ಡಿಎಂಐ-ಸಿಇಸಿ ಬೇಕು. ರಾಸ್‌ಬೆರಿ ಪೈನಲ್ಲಿ ಅದು ಇದೆ, ಹೆಚ್ಚಿನ ಮಿನಿ ಪಿಸಿಗಳಲ್ಲಿ ಇಲ್ಲ. ಯುಎಸ್‌ಬಿ ಐಆರ್ ರಿಸೀವರ್ ಹಾಕಿ, ಮನೆಯಲ್ಲಿ ಬಿದ್ದಿರುವ ಯಾವುದಾದರೂ ಹಳೆಯ ರಿಮೋಟ್ ಕಲಿಸಿಕೊಡಿ. ವೈರ್‌ಲೆಸ್ ಡಾಂಗಲ್ ರಿಮೋಟ್ ತಂದರೆ ಅದನ್ನು ಯುಎಸ್‌ಬಿ 3 ಡಿಸ್ಕಿನ ಪಕ್ಕ ಚುಚ್ಚಬೇಡಿ. ಯುಎಸ್‌ಬಿ 3ರ ಗದ್ದಲ 2.4 ಗಿಗಾಹರ್ಟ್ಸ್ ಡಾಂಗಲನ್ನು ಕಿವುಡು ಮಾಡುತ್ತದೆ. ಒಂದು ಗೇಣು ಎಕ್ಸ್‌ಟೆನ್ಷನ್ ತಂತಿ ಸಾಕು.

## ಹಂತ 8: ಕರೆಂಟ್ ಹೋಗುವುದು, ಸಿಡಿಲು ಬರುವುದು

ಕರೆಂಟ್ ಹೋಗಿ ಬಂದ ಮೇಲೆ ಡಬ್ಬಿ ತಾನಾಗಿಯೇ ಎದ್ದು ಕೂರಬೇಕು. ಬಯಾಸ್‌ನಲ್ಲಿ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಎಂಬ ಅರ್ಥದ ಆಯ್ಕೆ ಇದೆಯೇ ಎಂದು ಕೊಳ್ಳುವ ಮುಂಚೆ ತೆರೆದು ನೋಡಿ. ಇದು ಇಲ್ಲದ ಡಬ್ಬಿ, ನೀವು ಊರಿಗೆ ಹೋದ ವಾರವೇ ಮಲಗುತ್ತದೆ. ಲ್ಯಾಪ್‌ಟಾಪುಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ, ಜೊತೆಗೆ ವರ್ಷಗಟ್ಟಲೆ ಚಾರ್ಜಿನಲ್ಲೇ ಇಟ್ಟ ಬ್ಯಾಟರಿ ಉಬ್ಬುತ್ತದೆ. ಬೇಡ ಎಂದದ್ದು ಇದಕ್ಕೇ.

ಮನೆಯ ಇನ್ವರ್ಟರಿನ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಕರೆಂಟ್ ಬದಲಾಗುವ ಆ ಕಣ್ಣುಮಿಟುಕಿನಲ್ಲಿ ಡಬ್ಬಿ ರೀಸ್ಟಾರ್ಟ್ ಆಗಬಹುದು. ಡಬ್ಬಿ, ಟ್ಯೂನರ್ ಅಡಾಪ್ಟರ್, ಡಿಸ್ಕ್ ಮೂರೂ ಇನ್ವರ್ಟರ್ ಲೈನಿನಲ್ಲೇ ಇರಲಿ. ಡಬ್ಬಿ ಮಾತ್ರ ಇಟ್ಟು ಟ್ಯೂನರ್ ಮರೆತವರ ರೆಕಾರ್ಡಿಂಗ್‌ಗಳೆಲ್ಲ ಸೊನ್ನೆ ಗಾತ್ರದವು. ರೂಟರಿಗೆ ಮಾರುವ 12 ವೋಲ್ಟ್ ಮಿನಿ ಯುಪಿಎಸ್ ಹಾಕುವುದಾದರೆ ಡಬ್ಬಿಯ ಅಡಾಪ್ಟರ್ ಮೇಲಿನ ಆಂಪಿಯರ್ ನೋಡಿ. ಅದರಲ್ಲಿ 3 ಎಂದಿದ್ದು ಯುಪಿಎಸ್ ಮೇಲೆ 2 ಎಂದಿದ್ದರೆ ಬೇಡ.

ಏಪ್ರಿಲ್-ಮೇ ತಿಂಗಳ ಅಡ್ಡಮಳೆಯ ಸಿಡಿಲು ನೇರ ಹೊಡೆಯಬೇಕಿಲ್ಲ, ಹತ್ತಿರ ಬಿದ್ದರೂ ಡಿಶ್ ತಂತಿ ಹಿಡಿದು ಟ್ಯೂನರಿಗೆ ಇಳಿಯುತ್ತದೆ. ನನ್ನ ಮೊದಲ ಟ್ಯೂನರ್ ಹಾಗೆಯೇ ಹೋಯಿತು, ಮಳೆ ನಾಲ್ಕು ಹನಿಯೂ ಬಂದಿರಲಿಲ್ಲ. ತಟ್ಟೆಯ ಕಂಬಕ್ಕೆ ಅರ್ಥಿಂಗ್ ಮಾಡಿಸಿ. ಗುಡುಗು ಶುರುವಾದೊಡನೆ ತಂತಿ ಬಿಚ್ಚಿಡುವುದು ಇದಕ್ಕಿಂತ ಖಾತ್ರಿ, ಆದ್ದರಿಂದ ಕೈಗೆ ಸಿಗುವಲ್ಲಿ ಎಫ್ ಕನೆಕ್ಟರ್ ಇರಲಿ. ಆರ್‌ಜಿ6 ತಂತಿ ಮನೆಯೊಳಗೆ ಬರುವ ಮುಂಚೆ ಕೆಳಗೆ ಒಂದು ಜೋಲು ಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಕನೆಕ್ಟರಿಗೆ ಇಳಿಯುವುದಿಲ್ಲ.

## ಹಂತ 9: ಖೋಕಾ ಎಸೆಯುವ ಮುಂಚೆ ಒಂದು ವಾರ

ಸಾಮಾನು ವಾಪಸ್ ಕೊಡುವ ಅವಧಿಯೊಳಗೆ ಈ ಪರೀಕ್ಷೆ ಮುಗಿಯಲಿ. ದಿನಕ್ಕೆ ನಾಲ್ಕು ರೆಕಾರ್ಡಿಂಗ್ ಹಚ್ಚಿ, ಅದರಲ್ಲಿ ಎರಡು ಒಂದೇ ಹೊತ್ತಿಗೆ ಬೇರೆ ಫ್ರೀಕ್ವೆನ್ಸಿಯವು. ಒಂದು ಸಲ ಬೇಕೆಂದೇ ಮೇನ್ ಸ್ವಿಚ್ ತೆಗೆದು ಹಾಕಿ.

ಟಿವಿಹೆಡೆಂಡ್‌ನಲ್ಲಿ 'ಕಂಟಿನ್ಯುಟಿ ಎರರ್' ಎಂಬ ಎಣಿಕೆ ಇರುತ್ತದೆ. ಅದು ಸೊನ್ನೆಯಲ್ಲೇ ನಿಂತರೆ ಎಲ್ಲ ಸರಿ. ಮಳೆ ಮೋಡ ಬಂದಾಗ ಮಾತ್ರ ಏರಿದರೆ ತಟ್ಟೆ ಇನ್ನಷ್ಟು ಹೊಂದಿಸಬೇಕು. ನೀರಿನ ಮೋಟರ್ ಹಚ್ಚಿದಾಗಲೆಲ್ಲ ಏರಿದರೆ ಎಫ್ ಕನೆಕ್ಟರ್ ಬಿಗಿಯಿಲ್ಲ, ಅಥವಾ ಡಿಶ್ ತಂತಿ ಮೋಟರ್ ತಂತಿಯ ಜೊತೆ ಒಂದೇ ಪೈಪಿನಲ್ಲಿದೆ. ಎರಡು ರೆಕಾರ್ಡಿಂಗ್ ಒಟ್ಟಿಗೆ ನಡೆದಾಗ ಮಾತ್ರ ಏರಿದರೆ ಸ್ಪ್ಲಿಟರನ್ನೋ ಯುಎಸ್‌ಬಿ ಡಿಸ್ಕನ್ನೋ ಅನುಮಾನಿಸಿ.

ಚಿತ್ರ ಸ್ವಚ್ಛವಾಗಿದ್ದೂ ಕೆಳಗೆ ಓಡುವ ಸುದ್ದಿಯ ಸಾಲು ಎಳೆದೆಳೆದು ಸಾಗುತ್ತಿದ್ದರೆ ಡಬ್ಬಿಯದು ತಪ್ಪಲ್ಲ. ಟಿವಿಗೆ 60 ಹರ್ಟ್ಸ್ ಹೋಗುತ್ತಿದೆ. ಕೋಡಿಯ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟ್ ತಾನಾಗಿ ಹೊಂದುವ ಆಯ್ಕೆ ಹಾಕಿ, 50ಕ್ಕೆ ಬರುತ್ತದೆ. ಟಿವಿಯ ಬದಲು ಕಂಪ್ಯೂಟರ್ ಮಾನಿಟರ್ ಬಳಸುವವರು ಅದು 50 ಹರ್ಟ್ಸ್ ಒಪ್ಪುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಕರೆಂಟ್ ಉಳಿಸಲೆಂದು ಡಬ್ಬಿಯನ್ನು ಸ್ಲೀಪ್‌ಗೆ ಹಾಕುವ ಆಸೆ ಏಳನೇ ದಿನ ಹುಟ್ಟುತ್ತದೆ. ನಿದ್ದೆಯಿಂದ ಎದ್ದ ಮೇಲೆ ಎಷ್ಟೋ ಯುಎಸ್‌ಬಿ ಟ್ಯೂನರುಗಳು ಡಬ್ಬಿಯ ಕಣ್ಣಿಗೇ ಬೀಳುವುದಿಲ್ಲ, ತಂತಿ ಕಿತ್ತು ಮತ್ತೆ ಚುಚ್ಚಬೇಕಾಗುತ್ತದೆ. ಡಿಸ್ಕ್ ಮಾತ್ರ ಮಲಗಲಿ, ಡಬ್ಬಿ ಎಚ್ಚರವಿರಲಿ. ತಿಂಗಳಿಗೆ ಆರು ಯೂನಿಟ್ ಉಳಿಸಲು ಹೋಗಿ ಚಂದನದ ಭಾನುವಾರದ ನಾಟಕ ಕಳೆದುಕೊಂಡರೆ ಮನೆಯಲ್ಲಿ ಯಾರಿಗೆ ಉತ್ತರ ಹೇಳಬೇಕು ಎನ್ನುವುದು ನಿಮಗೆ ಗೊತ್ತೇ ಇದೆ.